ಸೋಗಾನೆ ಏರ್‌ಪೋರ್ಟ್, ಕೋಳಿ ಅಂಗಡಿ, ಹದ್ದು: ಈ 10 ಕಿಲೋಮೀಟರ್ ನಿಯಮ ನಿಜವಾ?

ಹೊಳೆಬದಿ:
ವಿಷಯ ಸಣ್ಣದು, ತಲೆಬಿಸಿ ದೊಡ್ಡದು. ನಮ್ಮ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಂದ ಏಳೆಂಟು ಕಿಲೋಮೀಟರ್ ದೂರದಲ್ಲಿ ನಮ್ಮ ಭಾವನದ್ದೊಂದು ಬ್ರಾಯ್ಲರ್ ಅಂಗಡಿ. ಮೊನ್ನೆ ಯಾರೋ ಇಬ್ಬರು ಬಂದು "ಕರುಳು, ಪುಕ್ಕ ಹೊರಗೆ ಹಾಕಿದ್ರೆ ಹದ್ದು ಬರ್ತವೆ, ವಿಮಾನಕ್ಕೆ ಬಡೀತವೆ, ಹತ್ತು ಕಿಲೋಮೀಟರ್ ಒಳಗೆ ಕೋಳಿ ಕಡಿಯೋದೇ ಅಪರಾಧ" ಅಂತ ಹೇಳಿ ಹೋದ್ರಂತೆ. ನೋಟಿಸೂ ಇಲ್ಲ, ಏನೂ ಇಲ್ಲ. ಭಾವ ಅವತ್ತಿಂದ ಅರ್ಧ ಶಟರ್ ಎಳ್ಕೊಂಡು ವ್ಯಾಪಾರ ಮಾಡ್ತಿದಾನೆ.

ಇಂಥ ನಿಯಮ ನಿಜವಾಗ್ಲೂ ಇದೆಯಾ? ಇದ್ರೆ ಪೇಟೇಲಿರೋ ಮಟನ್ ಅಂಗಡಿ, ಮೀನು ಮಾರ್ಕೆಟ್ ಎಲ್ಲ ಏನು ಕತೆ? ನಮ್ಮಲ್ಲಿ ಬರೋದೇ ದಿನಕ್ಕೆ ಬೆರಳೆಣಿಕೆ ವಿಮಾನ. ಒಂದು ಹದ್ದು ಬಡಿದ್ರೆ ಅಷ್ಟೊಂದು ಆಗುತ್ತಾ, ಇಲ್ಲ ಸುಮ್ನೆ ಹೆದರಿಸ್ತಿದಾರಾ?

ಅಡಿಕೆಚೊಗರು:
ದುಡ್ಡು ಕೀಳೋ ಹೊಸ ದಾರಿ. ಮುಂದಿನ ಸಲ ಬಂದ್ರೆ ಗುರುತಿನ ಚೀಟಿ ಕೇಳಿ.

ಕರಿಕೋಟು_ಶಿಮೊಗ್ಗ:
ನಿಯಮ ಇದೆ. 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮ. ವಿಮಾನ ನಿಲ್ದಾಣದ ಗೊತ್ತುಮಾಡಿದ ಮಧ್ಯಬಿಂದುವಿನಿಂದ ಯಾವ ದಿಕ್ಕಿಗಾದ್ರೂ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯೋದು, ಚರ್ಮ ಸುಲಿಯೋದು, ಹಕ್ಕಿ ಅಥವಾ ಪ್ರಾಣಿಗಳನ್ನ ಸೆಳೆಯೋ ಕಸ ಹಾಕೋದು, ಇಷ್ಟಕ್ಕೂ ನಿಷೇಧ ಇದೆ. ಹೋಟೆಲ್, ಮಾಂಸದಂಗಡಿ, ಮೀನಂಗಡಿ, ಮೂಳೆ ಮಿಲ್ ಅಂತ ಹೆಸರು ಹಿಡಿದೇ ಬರೆದಿದಾರೆ.

ಆದ್ರೆ ಬಂದವರು ಅರ್ಧ ಹೇಳಿ ಹೋಗಿದಾರೆ. ಅದೇ ನಿಯಮದ ಕೆಳಗೇ ಒಂದು ವಿನಾಯಿತಿ ಇದೆ. ಅಂಗಡಿಯವರು ತ್ಯಾಜ್ಯ ವಿಲೇವಾರಿಗೆ ಸರಿಯಾದ ವ್ಯವಸ್ಥೆ ಮಾಡ್ಕೊಂಡಿದಾರೆ, ಹಕ್ಕಿ ಬರೋದಿಲ್ಲ ಅಂತ ಮನವರಿಕೆ ಆದ್ರೆ ವಿಮಾನಯಾನ ಮಹಾನಿರ್ದೇಶನಾಲಯ ಬರವಣಿಗೇಲಿ ಅನುಮತಿ ಕೊಡಬಹುದು. ಅಂದ್ರೆ ಕೋಳಿ ಕಡಿದಿದ್ದಕ್ಕಿಂತ ಕರುಳು ಎಲ್ಲಿ ಹೋಯ್ತು ಅನ್ನೋದೇ ಮುಖ್ಯ. 1934ರ ಮೂಲ ಕಾಯ್ದೆ ಹೋಗಿ 2025ರ ಜನವರಿಯಿಂದ ಹೊಸ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ಆದ್ರೆ ಕಸದ ಮೇಲಿನ ಹಿಡಿತ ಸಡಿಲ ಆಗಿಲ್ಲ.

ಪೇಟೆ ವಿಷಯ ಕೇಳಿದ್ರಲ್ಲ, ಸೋಗಾನೆಯಿಂದ 10 ಕಿಲೋಮೀಟರ್ ಗೆರೆ ಎಳೆದ್ರೆ ಶಿವಮೊಗ್ಗದ ದೊಡ್ಡ ಭಾಗವೇ ಒಳಗೆ ಬರುತ್ತೆ.

ಅಡಿಕೆಚೊಗರು:
ಹಾಗಾದ್ರೆ ಇಡೀ ಶಿವಮೊಗ್ಗಕ್ಕೆ ಸೊಪ್ಪು-ಸಾರು. ಚೆನ್ನಾಗಿದೆ.

ಭದ್ರಾವತಿ_ಬುಲೆಟ್:
ಇದೆಲ್ಲ ಮಾಂಸ ತಿನ್ನೋರ ಮೇಲಿನ ಸಿಟ್ಟು ಕಣ್ರೀ. ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೂ ಇದೇ ಮಾಡ್ತಾರಲ್ಲ. 2025ರಲ್ಲಿ ವಾಯುನೆಲೆ ಸುತ್ತ 13 ಕಿಲೋಮೀಟರ್ ಮಾಂಸ ಮಾರಾಟವೇ ಬಂದ್, ಜನವರಿ 23ರಿಂದ ಫೆಬ್ರವರಿ 17ರವರೆಗೆ. ಅಲ್ಲಿ ಅನ್ನಸಂತರ್ಪಣೆ ಎಲೆ ರಾಶಿ ಯಾರೂ ಕೇಳಲ್ಲ. ಕಾಗೆಗೆ ಎಲೆ ಮೇಲಿನ ಪಾಯಸ ಸೇರಲ್ವಾ?

ಕರಿಕೋಟು_ಶಿಮೊಗ್ಗ:
ನಿಯಮದಲ್ಲಿ ಪಾಯಸಕ್ಕೂ ವಿನಾಯಿತಿ ಇಲ್ಲ. ಕಸ, ಹೊಲಸು, ಕೊಳೆತದ್ದು ಯಾವುದಾದ್ರೂ ಸರಿ. ಜಾರಿ ಮಾಡುವಾಗ ಯಾರ ಬಾಗಿಲು ಮೊದಲು ತಟ್ಟುತ್ತಾರೆ ಅನ್ನೋ ನಿಮ್ಮ ತಕರಾರು ಬೇರೆ. ಅದರಲ್ಲಿ ತಿರುಳಿದೆ.

ರೆಕ್ಕೆಪುರಾಣ:
ಒಂದು ಹದ್ದಿಂದ ಏನಾಗುತ್ತೆ ಅಂದ್ರಲ್ಲ, ಲೆಕ್ಕ ಹಾಕಿ. ಕಪ್ಪು ಹದ್ದಿನ ತೂಕ ಮುಕ್ಕಾಲು ಕೆಜಿ ಆಸುಪಾಸು. ವಿಮಾನ ಏರುವಾಗ ಗಂಟೆಗೆ 250 ಕಿಲೋಮೀಟರ್ ವೇಗ ಅಂತಿಟ್ಕೊಳ್ಳಿ. ಆ ಪೆಟ್ಟು 50 ಕೆಜಿ ಅಕ್ಕಿ ಮೂಟೆ ಹನ್ನೊಂದು-ಹನ್ನೆರಡು ಅಡಿ ಮೇಲಿಂದ ಬಿದ್ದಷ್ಟು, ಅದೂ ಅಂಗೈಯಗಲದ ಜಾಗದ ಮೇಲೆ. ವೇಗ ಎರಡರಷ್ಟಾದ್ರೆ ಪೆಟ್ಟು ನಾಲ್ಕರಷ್ಟು.

ಜೆಟ್ ಎಂಜಿನ್ ಒಳಗೆ ಹೋದ್ರೆ ಫ್ಯಾನಿನ ಒಂದು ಅಲಗು ಬಾಗಿದ್ರೂ ಸಾಕು, ಇಡೀ ಎಂಜಿನ್ ಅದುರೋಕೆ ಶುರು. ಹೊಸ ಎಂಜಿನ್ ವಿನ್ಯಾಸಕ್ಕೆ ಒಪ್ಪಿಗೆ ಕೊಡೋ ಮುಂಚೆ ಸತ್ತ ಹಕ್ಕಿಗಳನ್ನ ಗಾಳಿ ಫಿರಂಗೀಲಿ ಹೊಡೆದು ಪರೀಕ್ಷೆ ಮಾಡ್ತಾರೆ. ಮಧ್ಯಮ ಗಾತ್ರದ ಹಕ್ಕಿ ನುಂಗಿದ್ರೆ ಎಂಜಿನ್ ಓಡ್ತಾ ಇರ್ಬೇಕು. ದೊಡ್ಡ ಹಕ್ಕಿ ಆದ್ರೆ ನಿಂತ್ರೂ ಪರವಾಗಿಲ್ಲ, ಚೂರಾಗಿ ಹೊರಗೆ ಸಿಡೀಬಾರದು, ಬೆಂಕಿ ಹತ್ತಬಾರದು. "ಪಾಸಾದ ಎಂಜಿನ್" ಅಂದ್ರೆ ಏನೂ ಆಗಲ್ಲ ಅಂತ ಅಲ್ಲ.

ಹೊಳೆಬದಿ:
ಎಟಿಆರ್ ಅನ್ನೋ ಸಣ್ಣ ವಿಮಾನಕ್ಕೂ ಇಷ್ಟೇನಾ? ಅದರಲ್ಲಿ ಮುಂದೆ ಫ್ಯಾನ್ ತಿರುಗ್ತಿರುತ್ತಲ್ಲ.

ರೆಕ್ಕೆಪುರಾಣ:
ಅದು ಪ್ರೊಪೆಲ್ಲರ್. ಗಾಳಿ ಒಳಗೆ ಹೋಗೋ ಬಾಯಿ ಅದರ ಕೆಳಗೆ ಚಿಕ್ಕದಾಗಿದೆ. ದೊಡ್ಡ ಜೆಟ್ಟಿನ ಹಾಗೆ ಬಾಯಿ ತೆರ್ಕೊಂಡು ಎಳ್ಕೊಳ್ಳಲ್ಲ. ಆದ್ರೆ ಮುಂದಿನ ಗಾಜು, ಮೂತಿ, ರೆಕ್ಕೆ ಅಂಚು ಎಲ್ಲ ಇದ್ದೇ ಇದೆಯಲ್ಲ. ನಮ್ಮ ರನ್‌ವೇ 3,200 ಮೀಟರ್. ಅಷ್ಟು ಉದ್ದ ಮಾಡಿದ್ದು ಎಟಿಆರ್‌ಗೋಸ್ಕರ ಅಲ್ಲ.

ತೀರ್ಥಳ್ಳಿ_ಮಾಣಿ:
ಅಹಮದಾಬಾದ್‌ದೂ ಹಕ್ಕಿ ಬಡಿದೇ ಅಲ್ವಾ ಮಾರಾಯ್ರೆ?

ರೆಕ್ಕೆಪುರಾಣ:
ಅಲ್ಲ. 2025ರ ಜೂನ್ 12ರಂದು ಬಿದ್ದ ದಿನ ಟೀವಿಯವರು ಹಾಗೆ ಊದಿದ್ರು. ಜುಲೈನಲ್ಲಿ ಬಂದ ಪ್ರಾಥಮಿಕ ವರದಿ, ಹಾರಿದ ದಾರೀಲಿ ಹೇಳಿಕೊಳ್ಳುವಷ್ಟು ಹಕ್ಕಿ ಓಡಾಟ ಇರಲಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ ಬಂದ್ ಸ್ಥಾನಕ್ಕೆ ಹೋಗಿತ್ತು ಅಂತಿದೆ.

ಹಕ್ಕಿ ಬಡಿದದ್ದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ, 2024ರ ಡಿಸೆಂಬರ್ 29ಕ್ಕೆ. ಜೇಜು ಏರ್. ಎರಡೂ ಎಂಜಿನ್ನಲ್ಲಿ ಬೈಕಾಲ್ ಟೀಲ್ ಅನ್ನೋ ವಲಸೆ ಬಾತುಕೋಳಿಯ ಪುಕ್ಕ, ರಕ್ತ ಸಿಕ್ತು. ಚಕ್ರ ಇಳಿಸದೆ ಹೊಟ್ಟೆ ಮೇಲೆ ಇಳಿದ ವಿಮಾನ ರನ್‌ವೇ ಆಚೆಗಿದ್ದ ಕಾಂಕ್ರೀಟ್ ದಿಬ್ಬಕ್ಕೆ ಗುದ್ದಿ 181 ಜನರಲ್ಲಿ 179 ಜನ ಹೋದ್ರು. ಹಾಗಾಗಿ ಅಲ್ಲೂ ಹಕ್ಕಿ ಒಂದೇ ಕಾರಣ ಅನ್ನೋಕಾಗಲ್ಲ, ದಿಬ್ಬ ಅಲ್ಲಿ ಯಾಕಿತ್ತು ಅನ್ನೋದೇ ದೊಡ್ಡ ಜಗಳ.

ಸಾಗರದವಳು:
ನ್ಯೂಯಾರ್ಕಲ್ಲಿ ನದಿ ಮೇಲೆ ಇಳಿಸಿದ್ರಲ್ಲ, ಅದೂ ಹಕ್ಕಿನೇ. 2009. ಕೆನಡಾ ಬಾತು. 155 ಜನರೂ ಉಳ್ಕೊಂಡ್ರು. ನಮ್ಮಲ್ಲಿ ಹಾಗಾದ್ರೆ ಎಲ್ಲಿ ಇಳಿಸ್ತಾರೆ, ತುಂಗೇಲಿ ಬೇಸಿಗೇಲಿ ಮೊಣಕಾಲುದ್ದ ನೀರು.

ತೀರ್ಥಳ್ಳಿ_ಮಾಣಿ:
ಗಾಜನೂರು ಡ್ಯಾಮಲ್ಲಿ 😂

ಜೀಪ್‌ಡ್ಯೂಟಿ:
ನಾನು ಬೇರೆ ಊರಿನ ಏರ್‌ಪೋರ್ಟಲ್ಲಿ ಹಕ್ಕಿ ಓಡಿಸೋ ಕೆಲಸದಲ್ಲಿದ್ದೆ, ಈಗ ಊರಿಗೆ ಬಂದು ತೋಟ ನೋಡ್ಕೊಂಡಿದೀನಿ. ಸ್ವಲ್ಪ ಉದ್ದ ಬರೀತೀನಿ, ಬೈಬೇಡಿ.

ಬೆಳಕು ಹರಿಯೋ ಮುಂಚೆ ಜೀಪಲ್ಲಿ ರನ್‌ವೇ ಉದ್ದಕ್ಕೂ ಒಂದು ಸುತ್ತು. ಸತ್ತ ಹಕ್ಕಿ, ಹಾವು, ಬಿದ್ದ ಬೋಲ್ಟು, ಏನು ಸಿಕ್ಕಿದ್ರೂ ಬರ್ಕೋಬೇಕು. ಆಮೇಲೆ ಪಟಾಕಿ ಹೊಡೆಯೋದು, ಗ್ಯಾಸ್ ಫಿರಂಗಿ ಢಂ ಅನ್ನಿಸೋದು, ಹಕ್ಕಿ ಹೆದರಿ ಕೂಗೋ ದನಿಯ ರೆಕಾರ್ಡಿಂಗ್ ಹಾಕೋದು. ಕೆಲವು ಕಡೆ ಲೇಸರ್ ಕೂಡ ಇದೆ. ಇವೆಲ್ಲ ಮೊದಲ ವಾರ ಭರ್ಜರಿ ಕೆಲಸ ಮಾಡ್ತವೆ. ಆಮೇಲೆ ಹಕ್ಕಿಗೆ ಗೊತ್ತಾಗುತ್ತೆ, ಸದ್ದು ಬರುತ್ತೆ, ಆದ್ರೆ ಏನೂ ಆಗಲ್ಲ ಅಂತ. ಫಿರಂಗಿ ಪಕ್ಕದಲ್ಲೇ ಹುಳ ಹೆಕ್ಕುತ್ತಾ ನಿಂತಿರ್ತವೆ. ಜಾಗ, ಹೊತ್ತು, ದನಿ ಬದಲಾಯಿಸ್ತಾ ಇರ್ಬೇಕು, ಇಲ್ಲಾಂದ್ರೆ ಗ್ಯಾಸ್ ದಂಡ.

ಜನ ಹದ್ದು ಹದ್ದು ಅಂತಾರೆ, ನಮಗೆ ದಿನಾ ಕಾಟ ಕೊಡ್ತಿದ್ದದ್ದು ಟಿಟ್ಟಿಭ. ಕೆಂಪು ಗಲ್ಲದ್ದು, ರಾತ್ರಿ ಕೂಗುತ್ತಲ್ಲ, ಅದು. ಬಯಲಲ್ಲಿ ಕಲ್ಲಿನ ಮಧ್ಯೆ ಮೊಟ್ಟೆ ಇಡುತ್ತೆ. ರನ್‌ವೇ ಬದಿಯ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಓಡಿಸಿದ್ರೆ ಓಡಲ್ಲ, ಎದ್ದು ತಲೆ ಮೇಲೇ ಸುತ್ತುತ್ತೆ, ಅದೇ ಅಪಾಯ.

ಇನ್ನೊಂದು, ನಿಮಗೆಲ್ಲ ಗೊತ್ತಿರೋದೇ. ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ರೆಕ್ಕೆ ಬಂದ ಗೆದ್ದಲು ಹೊಗೆ ಎದ್ದ ಹಾಗೆ ಏಳ್ತಾವಲ್ಲ, ಆವತ್ತು ಹದ್ದು, ಕಾಗೆ, ಕಾಜಾಣ, ಗೋವಕ್ಕಿ ಎಲ್ಲ ಒಂದೇ ಕಡೆ. ಅಂಥ ಸಂಜೆ ಪೈಲಟ್‌ಗೆ ಟವರಿಂದಲೇ ಹಕ್ಕಿ ಇವೆ ಅಂತ ಎಚ್ಚರಿಕೆ ಹೋಗುತ್ತೆ. ಹುತ್ತ ಹುಡುಕಿ ತೆಗೆಯೋದು, ಚರಂಡೀಲಿ ನೀರು ನಿಲ್ಲದ ಹಾಗೆ ನೋಡ್ಕೊಳ್ಳೋದು, ಹುಲ್ಲು ನೋಡ್ಕೊಳ್ಳೋದು, ನಿಜವಾದ ಕೆಲಸ ಅದು. ಪಟಾಕಿ ಬರೀ ತೋರಿಕೆ.

ಗದ್ದೆಗೌಡ:
ಹುಲ್ಲು ಕತ್ತರಿಸಿ ನುಣ್ಣಗೆ ಮಾಡಿಬಿಟ್ರೆ ಆಯ್ತಪ್ಪ, ಹುಳನೂ ಇಲ್ಲ ಹಕ್ಕಿನೂ ಇಲ್ಲ.

ಜೀಪ್‌ಡ್ಯೂಟಿ:
ಅಲ್ಲೇ ಎಡವಟ್ಟಾಗೋದು. ಗಿಡ್ಡ ಹುಲ್ಲಾದ್ರೆ ಟಿಟ್ಟಿಭ, ಗೋವಕ್ಕಿ, ಮೈನಾಗೆ ಹಬ್ಬ. ಹುಳ ಕಾಣುತ್ತೆ, ಬರೋ ನಾಯಿನೂ ಕಾಣುತ್ತೆ. ಬ್ರಿಟನ್‌ನಲ್ಲಿ ಅದಕ್ಕೇ 15ರಿಂದ 20 ಸೆಂಟಿಮೀಟರ್ ಹುಲ್ಲು ಬಿಡೋ ಪದ್ಧತಿ ಇದೆ. ಉದ್ದ ಬಿಟ್ರೆ ಇಲಿ ಸೇರ್ಕೊಳ್ಳುತ್ತೆ, ಇಲಿ ಹಿಂದೆ ಗೂಬೆ, ಹದ್ದು. ಮಲೆನಾಡಲ್ಲಂತೂ ಜುಲೈನಲ್ಲಿ ಬೆಳಿಗ್ಗೆ ಕತ್ತರಿಸಿದ್ರೆ ಸಂಜೆಗೆ ಚಿಗುರು. ಇನ್ನು ಹಗಲಲ್ಲಿ ಕತ್ತರಿಸಿದ್ರೆ ಮೆಷಿನ್ ಹಿಂದೆ ಮಿಡತೆ ಏಳುತ್ತೆ, ಹಕ್ಕಿ ಮೆರವಣಿಗೆ ಬರುತ್ತೆ. ವಿಮಾನ ಇಲ್ಲದ ಹೊತ್ತು ನೋಡಿ ಕತ್ತರಿಸ್ಬೇಕು.

ಗದ್ದೆಗೌಡ:
ಹಾಗಾದ್ರೆ ನಾವು ಟಿಲ್ಲರ್ ಹೊಡೆಯುವಾಗ ಹಿಂದೆ ನೂರಾರು ಬೆಳ್ಳಕ್ಕಿ ಬರ್ತಾವಲ್ಲ? ನಾಳೆ ಗದ್ದೆ ಹೂಡಬೇಡಿ ಅಂತಾನೂ ಬರ್ತಾರಾ? ಜಮೀನು ಕೊಟ್ಟಿದ್ದೂ ನಾವೇ, ಈಗ ಬೆಳೆ ಬಿಡೋದೂ ನಾವೇನಾ?

ಕರಿಕೋಟು_ಶಿಮೊಗ್ಗ:
91ನೇ ನಿಯಮ ಕಸ ಮತ್ತು ಕಡಿಯೋದರ ಬಗ್ಗೆ. ಗದ್ದೆ ಹೂಡೋದು ಅದರಲ್ಲಿ ಬರಲ್ಲ.

ರೆಕ್ಕೆಪುರಾಣ:
ಕಾನೂನಲ್ಲಿ ಬರದಿದ್ರೂ ಬೆಳ್ಳಕ್ಕಿ ಬರುತ್ತಲ್ಲ. ಹೂಡೋ ದಿನ ಏರ್‌ಪೋರ್ಟಿನವರಿಗೆ ಒಂದು ಫೋನ್ ಹೋದ್ರೆ ಅವರು ಆ ಕಡೆ ಜೀಪ್ ನಿಲ್ಲಿಸ್ಬಹುದು. ಇದಕ್ಕೆ ಕಾನೂನು ಬೇಡ, ಒಂದು ವಾಟ್ಸಾಪ್ ಗ್ರೂಪ್ ಸಾಕು.

ನೆದರ್ಲ್ಯಾಂಡ್ಸ್‌ನ ಶಿಪೋಲ್‌ನಲ್ಲಿ ರನ್‌ವೇಗಳ ನಡುವೆಯೇ ಹೊಲ ಇದೆ. ಸಕ್ಕರೆ ಗೆಡ್ಡೆ ಕೊಯ್ದ ಮೇಲೆ ಉಳಿದ ಚೂರಿಗೆ ಬಾತು ಇಳೀತಿದ್ವು. 2021ರಲ್ಲಿ ಅಲ್ಲಿ ಹಂದಿ ಬಿಟ್ಟು ನೋಡಿದ್ರು. ಹಂದಿ ಎಲ್ಲ ತಿಂದು ಮುಗಿಸಿದ್ರೆ ಬಾತಿಗೆ ಊಟ ಇಲ್ಲ.

ತೀರ್ಥಳ್ಳಿ_ಮಾಣಿ:
ನಮ್ಮ ತೋಟದ ಕಾಡುಹಂದಿ ಕಳಿಸ್ಲಾ? ಲಾರಿ ಬಾಡಿಗೆ ನಾನೇ ಕೊಡ್ತೀನಿ.

ಹೊಸನಗರ_ಹೈದ:
ಮಂಗನೂ ತಗೊಳ್ಳಿ. ಏಲಕ್ಕಿ ಹೋಯ್ತು, ಬಾಳೆ ಹೋಯ್ತು, ಈಗ ಎಳೆ ಅಡಿಕೆ ಚೀಪಿ ಬಿಸಾಡ್ತಾವೆ. ವಿಮಾನಕ್ಕೆ ಹಕ್ಕಿ ಬಡಿದ್ರೆ ಡೆಲ್ಲಿವರೆಗೆ ಮೀಟಿಂಗು, ರೈತನ ತೋಟಕ್ಕೆ ಮಂಗ ಬಂದ್ರೆ "ಅರ್ಜಿ ಕೊಟ್ಟು ಹೋಗಿ".

ಸಾಗರದವಳು:
ಮಂಗನ ಪಾರ್ಕ್ ಮಾಡ್ತೀವಿ ಅಂದಿದ್ರಲ್ಲ, ಎಲ್ಲಿದೆ ಪಾರ್ಕು?

ಹೊಸನಗರ_ಹೈದ:
ನಮ್ಮ ತೋಟದಲ್ಲೇ ಇದೆ, ಟಿಕೆಟ್ ಇಲ್ಲದೆ ಬನ್ನಿ.

ನೀರುಕಾಗೆ:
ಹಕ್ಕಿ ನೋಡೋ ಗುಂಪಿನವಳು ನಾನು. ಈ ಚರ್ಚೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತು. ಇನ್ನೆರಡು ರಿಪ್ಲೈ ಆದ್ಮೇಲೆ ಯಾರಾದ್ರೂ ಮಂಡಗದ್ದೆ ಹಕ್ಕಿಧಾಮ ಎತ್ತಂಗಡಿ ಮಾಡಿ ಅಂತಾರೆ. ಅದಕ್ಕೆ ಮೊದಲೇ ಹೇಳ್ಬಿಡ್ತೀನಿ. ಮಂಡಗದ್ದೆ ಇರೋದು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೇಲಿ ಸುಮಾರು 30 ಕಿಲೋಮೀಟರ್ ದೂರ. ಮಳೆಗಾಲದಲ್ಲಿ ತುಂಗೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ತವೆ. ಮರಿಗೆ ಊಟ ತರೋಕೆ ಹತ್ತಿರದ ಹೊಳೆ, ಗದ್ದೆ ಸುತ್ತುತ್ತವೆ ಹೊರತು ಸೋಗಾನೆಗೆ ಬಂದು ಹೋಗಲ್ಲ. ಸೊರಬದ ಗುಡವಿ ಇನ್ನೂ ದೂರ.

ಸೋಗಾನೆ ಆಕಾಶದಲ್ಲಿ ಸುತ್ತೋ ಹದ್ದು ಧಾಮದ್ದಲ್ಲ, ಕಸದ ರಾಶಿಯದ್ದು. ಯಾವ ರಸ್ತೆ ತಿರುವಲ್ಲಿ ಕೋಳಿ ಚೀಲ ಎಸೀತಾರೋ ಅದರ ಮೇಲೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹದ್ದಿನ ಸುತ್ತು ಶುರು. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತೆ, ಅದನ್ನೇ ಹಿಡ್ಕೊಂಡು ರೆಕ್ಕೆ ಬಡಿಯದೆ ನೂರಾರು ಅಡಿ ಏರ್ತವೆ. ವಿಮಾನ ಇಳಿಯೋ ಏರೋ ಎತ್ತರವೂ ಅದೇ. ಹಕ್ಕಿ ಬಡಿಯೋ ಪ್ರಕರಣಗಳಲ್ಲಿ ಬಹುಪಾಲು ನೆಲದ ಹತ್ತಿರವೇ ಆಗೋದು ಇದಕ್ಕೇ.

ಭದ್ರಾವತಿ_ಬುಲೆಟ್:
ಗುಂಡು ಹೊಡೆದು ಹಾಕ್ಬಾರದಾ? ಹದ್ದೇನು ಹುಲಿನಾ?

ನೀರುಕಾಗೆ:
ಹದ್ದಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನವಿಲಂತೂ ಒಂದನೇ ಶೆಡ್ಯೂಲು, ಹುಲಿ ಇರೋ ಪಟ್ಟೀಲೇ. ಕಾನೂನು ಬಿಡಿ, ಹೊಡೆದ್ರೆ ಪ್ರಯೋಜನ ಏನು? ಊಟ ಅಲ್ಲೇ ಇದ್ರೆ ಖಾಲಿಯಾದ ಜಾಗಕ್ಕೆ ಪಕ್ಕದ ಹದ್ದು ಬರುತ್ತೆ, ಅದೂ ವಿಮಾನದ ಸದ್ದು ಕೇಳಿ ಗೊತ್ತಿಲ್ಲದ ಹೊಸದು. 1980ರ ದಶಕದಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ನಮ್ಮ ದೇಶದ ವಿಮಾನ ನೆಲೆಗಳಲ್ಲಿ ಹಕ್ಕಿ ಅಪಾಯದ ಬಗ್ಗೆ ಅಧ್ಯಯನ ಮಾಡಿದ್ರು. ಕಸ, ಕಸಾಯಿಖಾನೆ ಅಂತ ಆಗಿನಿಂದಲೂ ಹೇಳಿದ್ದನ್ನೇ ಹೇಳ್ತಿದೀವಿ.

ಅಡಿಕೆಚೊಗರು:
ಗಿಡುಗ ಸಾಕಿ ಬಿಟ್ರೆ? ವಿದೇಶದಲ್ಲಿ ಮಾಡ್ತಾರಂತೆ. ನಾಯಿನೂ ಬಿಡ್ತಾರಂತೆ.

ಜೀಪ್‌ಡ್ಯೂಟಿ:
ನಾಯಿ ನಿಜ. ಅಮೆರಿಕದ ಫ್ಲೋರಿಡಾದಲ್ಲಿ 1999ರಲ್ಲೇ ಬಾರ್ಡರ್ ಕೋಲಿ ನಾಯಿ ತಂದ್ರು. ನೀರುಹಕ್ಕಿ ಓಡಿಸೋಕೆ ಅದು ಸರಿ, ನಾಯಿಗೆ ಹಕ್ಕಿ ಅಷ್ಟು ಬೇಗ ಒಗ್ಗಿಕೊಳ್ಳಲ್ಲ. ನಮ್ಮಲ್ಲಿ ಸಮಸ್ಯೆ ಉಲ್ಟಾ, ಗೋಡೆ ಹಾರಿ ಬರೋ ಬೀದಿನಾಯಿ ಓಡಿಸೋಕೇ ಜೀಪು ಬೇಕು. 2014ರಲ್ಲಿ ಸೂರತ್‌ನಲ್ಲಿ ಹಾರೋಕೆ ಓಡ್ತಿದ್ದ ವಿಮಾನ ಎಮ್ಮೆಗೆ ಗುದ್ದಿತ್ತು, ನೆನಪಿದೆಯಾ? ಹಕ್ಕಿ ಅಲ್ಲ ಸ್ವಾಮಿ, ಎಮ್ಮೆ.

ಗದ್ದೆಗೌಡ:
ಎಮ್ಮೆ ಯಾರ್ದಂತೆ?

ತೀರ್ಥಳ್ಳಿ_ಮಾಣಿ:
ಪರಿಹಾರ ಕೊಡ್ತಾರೆ ಅಂದಿದ್ರೆ ಹತ್ತು ಜನ ನಮ್ದು ಅಂತ ಬರ್ತಿದ್ರು.

ಸಾಗರದವಳು:
ಬಡಿದ ಮೇಲೆ ಯಾವ ಹಕ್ಕಿ ಅಂತ ಹೇಗೆ ಗೊತ್ತಾಗುತ್ತೆ? ಚಿಂದಿ ಆಗಿರಲ್ವಾ?

ನೀರುಕಾಗೆ:
ಒಂದು ಚೂರು ಪುಕ್ಕ ಸಾಕು. 1960ರಲ್ಲಿ ಬಾಸ್ಟನ್‌ನಲ್ಲಿ ಹಾರಿದ ಕೂಡಲೇ ಒಂದು ವಿಮಾನ ಬಿದ್ದು 62 ಜನ ಸತ್ರು. ಎಂಜಿನ್ನಲ್ಲಿ ಸಿಕ್ಕ ಪುಕ್ಕ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿಗೆ ಹೋಯ್ತು. ಅಲ್ಲಿ ರಾಕ್ಸಿ ಲೇಬೋರ್ನ್ ಅನ್ನೋ ಮಹಿಳೆ ಸೂಕ್ಷ್ಮದರ್ಶಕದಲ್ಲಿ ನೋಡಿ ಸ್ಟಾರ್ಲಿಂಗ್ ಅಂತ ಗುರುತು ಹಿಡಿದ್ರು. ನಮ್ಮ ಮೈನಾ ಜಾತಿಯದ್ದೇ, ಅಂಗೈಲಿ ಹಿಡಿಯೋ ಹಕ್ಕಿ, ಆದ್ರೆ ಹಿಂಡು. ಈಗ ಡಿಎನ್ಎ ಪರೀಕ್ಷೆನೂ ಮಾಡ್ತಾರೆ. ಯಾವ ಹಕ್ಕಿ ಅಂತ ಗೊತ್ತಾದ್ರೆ ಅದು ಏನು ತಿನ್ನೋಕೆ ಬಂತು ಅಂತ ಗೊತ್ತಾಗುತ್ತೆ. ಅದು ಗೊತ್ತಿಲ್ಲದೆ ಪಟಾಕಿ ಹೊಡೆದ್ರೆ ದೀಪಾವಳಿ ಅಷ್ಟೇ.

ಹೊಳೆಬದಿ:
ಎಲ್ಲ ಸರಿ, ಭಾವ ಈಗ ಏನು ಮಾಡ್ಬೇಕು ಹೇಳಿ. ಇಷ್ಟು ದಿನ ರಾತ್ರಿ ಒಬ್ಬ ಬಂದು ಕರುಳು, ಪುಕ್ಕ ಎಲ್ಲ ಡ್ರಮ್ಮಲ್ಲಿ ತುಂಬ್ಕೊಂಡು ಹೋಗ್ತಿದ್ದನಂತೆ, ಮೀನು ಹೊಂಡಕ್ಕೆ.

ಕರಿಕೋಟು_ಶಿಮೊಗ್ಗ:
ಅದು ಯಾವ ಮೀನು ಕೇಳಿ. ಆಫ್ರಿಕನ್ ಕ್ಯಾಟ್‌ಫಿಷ್ ಆಗಿದ್ರೆ ಆ ಸಾಕಣೆಗೇ ನಿಷೇಧ ಇದೆ. ಹೊಂಡದ ದಂಡೇಲಿ ಸುರಿದ ಕರುಳಿಗೂ ಹದ್ದು ಬರುತ್ತೆ. ಸ್ಥಳೀಯ ಸಂಸ್ಥೆಗೆ ಲಿಖಿತವಾಗಿ ಕೊಡಿ: ತ್ಯಾಜ್ಯ ಮುಚ್ಚಿದ ಡಬ್ಬಿಯಲ್ಲಿಡ್ತೀವಿ, ದಿನಾ ಗಾಡಿ ಕಳಿಸಿ ಅಂತ. ಮೊಹರು ಹಾಕಿಸ್ಕೊಂಡ ಒಂದು ಪ್ರತಿ ಅಂಗಡೀಲಿಡಿ. ಮತ್ತೆ ಯಾರಾದ್ರೂ ಬಂದ್ರೆ ಅದನ್ನ ತೋರಿಸಿ, ಅವರ ಆದೇಶದ ಪ್ರತಿನೂ ಕೇಳಿ.

ಗದ್ದೆಗೌಡ:
ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ರೆ ಮುಗೀತಪ್ಪ.

ನೀರುಕಾಗೆ:
ಬೇಸಿಗೇಲಿ ಸರಿ. ಆಷಾಢದಲ್ಲಿ ಗುಂಡಿ ತೋಡಿದ್ರೆ ಎರಡಡಿಗೇ ನೀರು. ಎಲ್ಲ ತೇಲಿ ಮೇಲೆ ಬರುತ್ತೆ, ಪಕ್ಕದ ಬಾವಿಗೂ ಇಳಿಯುತ್ತೆ. ಆಮೇಲೆ ಹದ್ದಿನ ಬದಲು ಇಡೀ ಕೇರಿಗೆ ವಾಂತಿಭೇದಿ.

ಜೀಪ್‌ಡ್ಯೂಟಿ:
ನಾನಿದ್ದ ಊರಲ್ಲಿ ಅಂಗಡಿಯವರೇ ಒಟ್ಟಾಗಿ ಹಳೇ ಡೀಪ್ ಫ್ರೀಜರ್ ತಗೊಂಡಿದ್ರು. ತ್ಯಾಜ್ಯ ಅದರಲ್ಲಿ, ಗಾಡಿ ದಿನ ಬಿಟ್ಟು ದಿನ ಬಂದ್ರೂ ನಾರಲ್ಲ. ಗಾಡಿ ಹೋಗ್ತಿದ್ದದ್ದು ಕೋಳಿ ತ್ಯಾಜ್ಯ ಬೇಯಿಸಿ ಪುಡಿ ಮಾಡೋ ಘಟಕಕ್ಕೆ. ನಮ್ಮ ಕಡೆ ಅಂಥ ಘಟಕ ಹತ್ತಿರ ಎಲ್ಲಿದೆ, ಯಾರಿಗಾದ್ರೂ ಗೊತ್ತಾ?

ಅಡಿಕೆಚೊಗರು:
ಕರೆಂಟ್ ಯಾರಪ್ಪಂದು? ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದ್ರೆ ಆ ಫ್ರೀಜರ್ ಬಾಗಿಲು ತೆಗೆಯೋ ಧೈರ್ಯ ಯಾರಿಗಿದೆ?

ಹೊಳೆಬದಿ:
ಭಾವನ ಸಾಲಲ್ಲೇ ಇನ್ನೂ ಮೂರು ಅಂಗಡಿ ಇವೆ. ಮಾತಾಡ್ಸಿ ನೋಡ್ತೀನಿ. ಒಬ್ಬರಿಗೊಬ್ಬರು ಕಂಡ್ರೆ ಆಗಲ್ಲ, ಫ್ರೀಜರ್ ಯಾರ ಅಂಗಡೀಲಿಡೋದು ಅನ್ನೋದಕ್ಕೇ ಜಗಳ ಆಗುತ್ತೆ.

ಭದ್ರಾವತಿ_ಬುಲೆಟ್:
ಪಕ್ಕದಲ್ಲಿ ಹೋಟೆಲ್ ಇದ್ರೆ ಅವನನ್ನೂ ಸೇರಿಸ್ಕೊಳ್ಳಿ. ಅವನ ಎಂಜಲೆಲೆನೂ ಅದೇ ನಿಯಮದಲ್ಲಿದೆ ಅಂತ ಕರಿಕೋಟು ವಕೀಲರು ಮೇಲೆ ಬರೆದಿದಾರೆ, ಸ್ಕ್ರೀನ್‌ಶಾಟ್ ತೋರಿಸಿ.